ಮಾವೋ ಕಾಲದ ಕ್ಷಾಮದಲ್ಲಿ ಸತ್ತವರು ಒಂದೂವರೆ ಕೋಟಿಯೋ, ನಾಲ್ಕೂವರೆ ಕೋಟಿಯೋ? ಯಾವ ಪುಸ್ತಕ ನಂಬೋದು?

ಒಂದು ಪುಸ್ತಕ ಚೀನಾದ 1958–62ರ ಕ್ಷಾಮಕ್ಕೆ 4.5 ಕೋಟಿ ಬಲಿ ಅನ್ನುತ್ತೆ, ಇನ್ನೊಂದು ಅದೆಲ್ಲ ಕಟ್ಟುಕತೆ ಅನ್ನುತ್ತೆ ಅಂತ ಕೇಳಿದ್ದೀರಿ. ಲೇಖಕರು ಎಡವೋ ಬಲವೋ ಅನ್ನೋದನ್ನ ಪಕ್ಕಕ್ಕಿಡಿ. ಅಂಕಿ ಹುಟ್ಟಿದ್ದು ಹೇಗೆ ಅಂತ ಮೊದಲು ನೋಡಿ.

ಪೆನ್ನು ಹಿಡಿದು ನೀವೇ ಲೆಕ್ಕ ಹಾಕಿ. ಚೀನಾ ಸರ್ಕಾರವೇ 1980ರ ದಶಕದಲ್ಲಿ ಹೊರಬಿಟ್ಟ ಅಂಕಿಗಳಲ್ಲಿ ಮರಣ ಪ್ರಮಾಣ 1957ರಲ್ಲಿ ಸಾವಿರಕ್ಕೆ 10.8, 1960ರಲ್ಲಿ 25.4. ವ್ಯತ್ಯಾಸ 14.6, ಜನಸಂಖ್ಯೆ ಸುಮಾರು 66 ಕೋಟಿ. ಗುಣಿಸಿದರೆ ಆ ಒಂದೇ ವರ್ಷಕ್ಕೆ 96 ಲಕ್ಷ ಹೆಚ್ಚುವರಿ ಸಾವು. 1958, 59, 61ನ್ನೂ ಹೀಗೇ ಕೂಡಿಸಿ, 1.5 ಕೋಟಿ ಆಗುತ್ತೆ. ‘ಕಟ್ಟುಕತೆ’ ವಾದ ಇಲ್ಲೇ ಮುಗಿಯಿತು.

ಬೇರೆ ಸಂಶೋಧಕರ ಅಂಕಿ ಇದಕ್ಕಿಂತ ಏರೋದು ಯಾಕೆ? ಊರಿಗೆ ಊರೇ ಹಸಿದಿರುವಾಗ ಸಾವನ್ನ ದಾಖಲೆಗೆ ಏರಿಸೋರು ಯಾರು? ಹಾಗಾಗಿ ಚೀನೀ ಇತಿಹಾಸಕಾರ ತ್ಸಾವ್ ಶೂಜಿ ಜಿಲ್ಲಾ ಗೆಜೆಟಿಯರ್‌ಗಳನ್ನ ಜಾಲಾಡಿ 3.25 ಕೋಟಿ ಅಂದರು. ಪತ್ರಕರ್ತ ಯಾಂಗ್ ಜಿಶೆಂಗ್ ಅವರದ್ದು 3.6 ಕೋಟಿ. ಇತಿಹಾಸಕಾರ ಫ್ರಾಂಕ್ ಡಿಕೋಟರ್ ತ್ಸಾವ್ ಅವರ ಅಂಕಿಯನ್ನೇ ಹಿಡಿದು, ಪತ್ರಾಗಾರದ ಒಳವರದಿಗಳಲ್ಲಿ ಕೆಲವು ಕಡೆ ಸಾವು ಗೆಜೆಟಿಯರ್‌ಗಿಂತ ಹೆಚ್ಚಿದೆ ಅನ್ನೋ ಆಧಾರದ ಮೇಲೆ ಕನಿಷ್ಠ 4.5 ಕೋಟಿಗೆ ಏರಿಸಿದರು. ಕೆಲವು ಕಡೆಯ ವ್ಯತ್ಯಾಸವನ್ನ ಇಡೀ ದೇಶಕ್ಕೆ ಹಬ್ಬಿಸಿದ್ದು ನನಗೆ ದುರ್ಬಲವಾಗಿ ಕಾಣುತ್ತೆ.

ನಮ್ಮ ಅರ್ಥಶಾಸ್ತ್ರಜ್ಞೆ ಉತ್ಸಾ ಪಟ್ನಾಯಕ್ ಅವರ ವಾದ ಬೇರೆ: 1960ರಲ್ಲಿ ಭಾರತದ ಮರಣ ಪ್ರಮಾಣವೂ ಹೆಚ್ಚುಕಡಿಮೆ ಚೀನಾದಷ್ಟೇ ಇತ್ತು. ಇರಬಹುದು, ಆದರೆ ಹೆಚ್ಚುವರಿ ಸಾವನ್ನ ಅಳೆಯೋದು ಅದೇ ದೇಶದ ಹಿಂದಿನ ವರ್ಷಗಳ ಜೊತೆ, ಪಕ್ಕದ ದೇಶದ ಜೊತೆ ಅಲ್ಲ. ಹುಟ್ಟದೇ ಹೋದ ಮಕ್ಕಳನ್ನ ಸತ್ತವರ ಲೆಕ್ಕಕ್ಕೆ ಸೇರಿಸಬೇಡಿ ಅನ್ನೋ ಅವರ ಎಚ್ಚರಿಕೆ ಮಾತ್ರ ಸರಿ.

ಉಲ್ಲೇಖಗಳನ್ನೂ ಹೀಗೇ ಜರಡಿ ಹಿಡಿಯಿರಿ. ‘ಅರ್ಧ ಜನ ಸತ್ತರೆ ಉಳಿದರ್ಧ ಹೊಟ್ಟೆತುಂಬ ಉಣ್ಣಬಹುದು’ ಅಂತ 1959ರ ಮಾರ್ಚ್‌ನಲ್ಲಿ ಶಾಂಘೈ ಸಭೆಯಲ್ಲಿ ಮಾವೋ ಹೇಳಿದರು ಅಂತ ಓದಿರ್ತೀರಿ. ಆ ಸಭೆಯ ಟಿಪ್ಪಣಿಯನ್ನ ಹಿಂದೆಮುಂದೆ ಸೇರಿಸಿ ಓದಿದವರು, ಚರ್ಚೆ ನಡೆದದ್ದು ಕೈಗಾರಿಕಾ ಯೋಜನೆಗಳನ್ನ ಅರ್ಧಕ್ಕೆ ಇಳಿಸೋ ಬಗ್ಗೆ ಅಂತ ತೋರಿಸಿದ್ದಾರೆ. ಇದರಿಂದ ಕ್ಷಾಮದ ಹೊಣೆ ಮಾವೋ ಹೆಗಲಿಂದ ಇಳಿಯಲ್ಲ. ಆ ಒಂದು ಸಾಲು ಮಾತ್ರ ಸಾಕ್ಷಿಯಾಗಿ ನಿಲ್ಲಲ್ಲ. ಅಡಿಟಿಪ್ಪಣಿಯಲ್ಲಿ ಪತ್ರಾಗಾರದ ಹೆಸರು, ಕಡತ ಸಂಖ್ಯೆ, ದಿನಾಂಕ ಮೂರೂ ಇದ್ದರೆ ಇನ್ನೊಬ್ಬರು ಹೋಗಿ ಪರೀಕ್ಷಿಸಬಹುದು. ಹೆಸರಿಲ್ಲದ ಸಂದರ್ಶನವನ್ನೇ ನೆಚ್ಚಿದ ಅಧ್ಯಾಯವನ್ನ ಅರ್ಧ ನಂಬಿ.

 

ನಿಮ್ಮ ಎರಡು ಪುಸ್ತಕಗಳಿಗೂ ಮೊದಲು, ಚೀನಾದ ಕಮ್ಯುನಿಸ್ಟ್ ಪಕ್ಷ 1981ರ ಜೂನ್‌ನಲ್ಲಿ ತನ್ನದೇ ಇತಿಹಾಸದ ಬಗ್ಗೆ ಅಂಗೀಕರಿಸಿದ ನಿರ್ಣಯ ಓದಿ. ಆ ವರ್ಷಗಳ ಸಂಕಷ್ಟಕ್ಕೆ ಅದು ಕೊಡೋ ಕಾರಣ ಮೂರು: ನೀತಿಯ ತಪ್ಪು, ನೈಸರ್ಗಿಕ ವಿಕೋಪ, ಸೋವಿಯತ್ ಸರ್ಕಾರ ಒಪ್ಪಂದ ಮುರಿದದ್ದು. ಸತ್ತವರ ಸಂಖ್ಯೆ ಒಂದೂ ಇಲ್ಲ. ನಿಮ್ಮ ಎರಡೂ ಪುಸ್ತಕ ಈ ಮೂರರಲ್ಲಿ ಯಾವುದನ್ನ ಎಳೆದು ದೊಡ್ಡದು ಮಾಡಿವೆ ಅಂತ ಆಮೇಲೆ ನೋಡಿ.