ಕಲಾವಿದರು ‘ಹೂಂ’ ಅಂದ ಮಾತ್ರಕ್ಕೆ ಕೃತಿ ಕೈಗೆ ಬರುವುದಿಲ್ಲ

ಸಮಕಾಲೀನ ಕಲೆಯ ಕ್ಯುರೇಟಿಂಗ್‌ನಲ್ಲಿ (ಅಂದರೆ ಕೃತಿಗಳನ್ನು ಆರಿಸಿ ಪ್ರದರ್ಶನ ರೂಪಿಸುವುದರಲ್ಲಿ) ಎಂ.ಎ., ಕೊನೆಯ ಪ್ರಾಜೆಕ್ಟ್ ಒಂದು ಪ್ರದರ್ಶನ, ಕೈಯಲ್ಲಿ ನಾಲ್ಕು ತಿಂಗಳು. ‘ಥೀಮ್ ಇನ್ನೂ ಗಟ್ಟಿಯಾಗಿಲ್ಲ, ಬದಲಾಯಿಸಲಾ?’ ಅಂತ ಕೇಳಿದ್ದೀರಿ. ನಾನೂ ಹೀಗೇ ಥೀಮ್ ಥೀಮ್ ಅಂತ ಒಂದೂವರೆ ತಿಂಗಳು ಕಳೆದೆ. ಪೆಟ್ಟು ಬಿದ್ದದ್ದು ಬೇರೆ ಕಡೆ.

ನನ್ನದು ಮನೆ ಬಿಟ್ಟು ಬಂದವರ ನೆನಪಿನ ಬಗ್ಗೆ ಒಂದು ಪ್ರದರ್ಶನ. ಆರು ಕಲಾವಿದರು, ಒಂದು ಕೋಣೆ, ಜೊತೆಗೆ 8,000 ಪದಗಳ ಪ್ರಬಂಧ. ಇಡೀ ಪ್ರದರ್ಶನ ನಿಂತಿದ್ದು ಒಂದೇ ಕೃತಿಯ ಮೇಲೆ. ಹಳೆಯ ಪತ್ರಗಳನ್ನು ಒಂದಕ್ಕೊಂದು ಹೊಲಿದು ಮಾಡಿದ್ದು, ಎರಡು ಮೀಟರ್ ಅಗಲ. ಬಾಗಿಲು ದಾಟಿದ ಕೂಡಲೇ ಅದೇ ಎದುರಿಗೆ ಕಾಣಬೇಕು ಅಂತ ಕೋಣೆಯ ನಕ್ಷೆ ಬರೆದಿದ್ದೆ. ಕಲಾವಿದೆಗೆ ಫೋನ್ ಮಾಡಿದೆ. ‘ಖಂಡಿತ ಇಟ್ಕೊಳ್ಳಿ, ನನಗೂ ಖುಷಿ’ ಅಂದರು. ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಟಿಕ್ ಹಾಕಿದೆ.

ಆ ಟಿಕ್ಕೇ ತಪ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ತಪ್ಪು ಅಂತ ಆಗ ಅನಿಸುವುದೇ ಇಲ್ಲ. ಕಲಾವಿದೆ ಸುಳ್ಳು ಹೇಳಲಿಲ್ಲ. ಕೃತಿ ಅವರು ಮಾಡಿದ್ದೇ, ತೋರಿಸುವ ಮನಸ್ಸೂ ಇತ್ತು. ಆದರೆ ಎರಡು ವರ್ಷದ ಹಿಂದೆಯೇ ಅದು ಮಾರಾಟವಾಗಿತ್ತು. ಮಾರಿದ ಮೇಲೂ ಕಾಪಿರೈಟ್ ಸಾಮಾನ್ಯವಾಗಿ ಕಲಾವಿದರ ಬಳಿಯೇ ಉಳಿಯುತ್ತದೆ, ವಸ್ತು ಮಾತ್ರ ಕೊಂಡವರದ್ದು. ಅಂದರೆ ಕ್ಯಾಟಲಾಗ್‌ನಲ್ಲಿ ಅದರ ಫೋಟೋ ಹಾಕಲು ಒಬ್ಬರ ಒಪ್ಪಿಗೆ, ಅದನ್ನು ಗೋಡೆಗೆ ತೂಗುಹಾಕಲು ಇನ್ನೊಬ್ಬರ ಒಪ್ಪಿಗೆ. ನಾನು ಕೇಳಿದ್ದು ‘ಕೊಡ್ತೀರಾ?’ ಅಂತ ಮಾತ್ರ. ಕೇಳಬೇಕಿದ್ದದ್ದು ಮೂರು: ಕೃತಿ ಈಗ ಯಾರದ್ದು? ಎಲ್ಲಿದೆ? ಲೋನ್ ಫಾರ್ಮ್‌ಗೆ, ಅಂದರೆ ಕೃತಿಯನ್ನು ಪ್ರದರ್ಶನಕ್ಕೆ ಎರವಲು ಕೊಡುವ ಪತ್ರಕ್ಕೆ, ಯಾರು ಸಹಿ ಹಾಕುತ್ತಾರೆ? ಸಂಕೋಚ ಬಾಯಿ ಕಟ್ಟಿತ್ತು. ನಾನು ವಿದ್ಯಾರ್ಥಿ, ಅವರು ಹೆಸರು ಮಾಡಿದವರು, ಕಾಗದಪತ್ರ ಅಂತ ಶುರು ಮಾಡಿದರೆ ನಂಬಿಕೆ ಇಲ್ಲ ಅಂದುಕೊಳ್ಳುತ್ತಾರೇನೋ ಅಂತ. ನಿಜ ಏನೆಂದರೆ, ನಾಲ್ಕು ಪ್ರದರ್ಶನ ಮಾಡಿದ ಕಲಾವಿದರಿಗೆ ಕಾಗದ ಕೇಳದ ಕ್ಯುರೇಟರ್ ಕಂಡರೇ ಭಯ.

ಗೊತ್ತಾದದ್ದು ಉದ್ಘಾಟನೆಗೆ 19 ದಿನ ಇರುವಾಗ, ಪೆಟ್ಟಿಗೆ ಮಾಡಿಸಲು ಅಳತೆ ಕೇಳಿದಾಗ. ಕೊಂಡವರಿಗೆ ಅವತ್ತೇ ಬರೆದೆ. ಅವರು ಚೆನ್ನಾಗಿಯೇ ಉತ್ತರಿಸಿದರು, ಷರತ್ತುಗಳ ಜೊತೆ. ಅವರ ಗೋಡೆಯಿಂದ ಇಳಿಸಿದ ಗಳಿಗೆಯಿಂದ ಮತ್ತೆ ಅಲ್ಲೇ ಏರಿಸುವ ತನಕ ವಿಮೆ ಇರಬೇಕು. ಬೆಳಕು 50 ಲಕ್ಸ್ (ಬೆಳಕನ್ನು ಅಳೆಯುವ ಮಾನ) ದಾಟಬಾರದು. ಕೋಣೆಯ ತೇವಾಂಶ, ಕಾವಲು, ಬೀಗ ಎಲ್ಲದರ ವಿವರ ಬೇಕು. ಇದರಲ್ಲಿ ಅನ್ಯಾಯ ಏನೂ ಇಲ್ಲ. ಕಾಗದದ ಕೃತಿಗೆ ಸುಮಾರು 50 ಲಕ್ಸ್ ಅನ್ನುವುದು ಮ್ಯೂಸಿಯಂಗಳು ಪಾಲಿಸುವ ಲೆಕ್ಕವೇ. ಬಿಸಿಲಿಗೆ ಮಾಸಿದ ಶಾಯಿ ಮತ್ತೆ ಬರುವುದಿಲ್ಲವಲ್ಲ. ನನ್ನ ಕೋಣೆಗೆ ಎರಡು ದೊಡ್ಡ ಕಿಟಕಿ. ಬೆಳಕಿನ ಮೀಟರ್ ಹಿಡಿದರೆ ಮಧ್ಯಾಹ್ನ 400 ಲಕ್ಸ್ ದಾಟುತ್ತಿತ್ತು. ಕಿಟಕಿ ಮುಚ್ಚಬಹುದಿತ್ತು, ವಿಮೆ ಮಾಡಿಸಲು ದಿನ ಉಳಿದಿರಲಿಲ್ಲ.

ಗೋಡೆಯ ಮೇಲೆ ನೆಲದಿಂದ 150 ಸೆಂ.ಮೀ. ಎತ್ತರಕ್ಕೆ ಪೆನ್ಸಿಲ್ ಗೆರೆ ಎಳೆದಿಟ್ಟಿದ್ದೆ. ಆ ಸಂಜೆ ಅದನ್ನು ರಬ್ಬರ್‌ನಿಂದ ಉಜ್ಜಿದೆ. ಗೆರೆ ಹೋಯಿತು, ಉಜ್ಜಿದ ಜಾಗ ಮಾತ್ರ ಮಂಕು ಬಿಳಿ ಬಣ್ಣದ ನಡುವೆ ಎರಡು ಮೀಟರ್ ಉದ್ದಕ್ಕೂ ಹೊಳೆಯತೊಡಗಿತು. ಇಡೀ ಗೋಡೆಗೆ ಮತ್ತೆ ಬಣ್ಣ ಹೊಡೆದೆ.

ಖಾಲಿ ಗೋಡೆಯನ್ನೇ ‘ಕಳೆದುಹೋದದ್ದರ ನೆನಪು’ ಅಂತ ತೋರಿಸೋಣ ಅಂತ ಗೈಡ್‌ಗೆ ಹೇಳಿದೆ. ‘ಅದು ನೀನು ಆರಿಸಿದ್ದಲ್ಲ, ತಲೆ ಮೇಲೆ ಬಂದು ಬಿದ್ದದ್ದು’ ಅಂದರು. ಆಮೇಲೆ 1969ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಕಲಾ ವಿಮರ್ಶಕಿ, ಕ್ಯುರೇಟರ್ ಲೂಸಿ ಲಿಪಾರ್ಡ್ ಮಾಡಿದ ಪ್ರದರ್ಶನದ ಕತೆ ಹೇಳಿದರು. ಅದರ ಹೆಸರು ‘557,087’, ಆಗಿನ ಆ ಊರಿನ ಜನಸಂಖ್ಯೆ. ಎಷ್ಟೋ ಕೃತಿಗಳು ಪೆಟ್ಟಿಗೆಯಲ್ಲಿ ಬರಲೇ ಇಲ್ಲ. ಕಲಾವಿದರು ಸೂಚನೆ ಕಳಿಸಿದರು, ಅದನ್ನು ನೋಡಿಕೊಂಡು ಅಲ್ಲೇ ಮಾಡಿದರು. ಕ್ಯಾಟಲಾಗ್ ಅಂದರೆ ಬಿಡಿ ಬಿಡಿ ಕಾರ್ಡ್‌ಗಳು. ನಾನು ಅದೇ ಕಲಾವಿದೆಯ ಹತ್ತಿರ ಮತ್ತೆ ಹೋದೆ. ಅವರು ಒಂದು ಪುಟದ ಸೂಚನೆ ಬರೆದುಕೊಟ್ಟರು: ಬಂದವರು ತಮಗೆ ಯಾವತ್ತೋ ಬಂದ ಪತ್ರದ ಒಂದು ಸಾಲನ್ನು ಕಾಗದದ ಪಟ್ಟಿಯಲ್ಲಿ ಬರೆದು, ಗೋಡೆಯ ಬಟ್ಟೆಗೆ ತಾವೇ ಹೊಲಿಯಬೇಕು. ಈ ಸಲ ಇಬ್ಬರೂ ಸಹಿ ಹಾಕಿದೆವು.

ಪ್ರದರ್ಶನ ನಡೆಯಿತು. ಪ್ರಬಂಧ ಸೋತಿತು. ಅದರಲ್ಲಿ ಸುಮಾರು 2,500 ಪದ ಬಾರದೇ ಇದ್ದ ಕೃತಿಯ ಬಗ್ಗೆ. ಪರೀಕ್ಷಕರು ಮತ್ತೆ ಬರೆಯಲು ಹೇಳಿದರು. ಪದವಿ ಮೂರು ತಿಂಗಳು ತಡವಾಯಿತು.

ಹಾಗಾಗಿ ಹೇಳುತ್ತೇನೆ, ಥೀಮ್ ಬದಲಾಯಿಸಬೇಡಿ. ಅದು ನಿಮ್ಮ ಸಮಸ್ಯೆಯೇ ಅಲ್ಲ. 12 ಕಲಾವಿದರ ಪಟ್ಟಿ ಇದೆ, ಅವರ ಕೃತಿಗಳನ್ನೆಲ್ಲ ಪಿಡಿಎಫ್‌ನಲ್ಲೇ ನೋಡಿದ್ದು ಅಂತ ಬರೆದಿದ್ದೀರಿ. ನನಗೆ ಗಾಬರಿಯಾದದ್ದು ಅದನ್ನು ಓದಿ. ಪಟ್ಟಿಯನ್ನು ಐದಕ್ಕೆ ಇಳಿಸಿ, ಆ ಐದನ್ನು ಹೋಗಿ ನೋಡಿ. ಕೃತಿಯ ಮುಂದೆ ಅರ್ಧ ಗಂಟೆ ನಿಂತರೆ ಥೀಮ್ ತಾನಾಗಿ ಗಟ್ಟಿಯಾಗುತ್ತದೆ, ಇಲ್ಲವೇ ಅದು ಸುಳ್ಳು ಅಂತ ಗೊತ್ತಾಗುತ್ತದೆ. ಎರಡೂ ಲಾಭವೇ. ಒಳ್ಳೆಯ ಗ್ಯಾಲರಿ ಸಿಗಲಿಲ್ಲ ಅನ್ನುವ ಕೊರಗೂ ಬೇಡ. ಇವತ್ತು ಜಗತ್ತಿಗೇ ಗೊತ್ತಿರುವ ಕ್ಯುರೇಟರ್ ಹ್ಯಾನ್ಸ್ ಉಲ್ರಿಕ್ ಓಬ್ರಿಸ್ಟ್ ತಮ್ಮ ಮೊದಲ ಪ್ರದರ್ಶನ ಮಾಡಿದ್ದು 1991ರಲ್ಲಿ, ಸ್ವಿಟ್ಜರ್ಲೆಂಡ್‌ನ ಸಾಂಕ್ಟ್ ಗಾಲೆನ್‌ನಲ್ಲಿದ್ದ ತಮ್ಮ ಅಡುಗೆಮನೆಯಲ್ಲಿ.

ಪ್ರಬಂಧವನ್ನು ಈಗಲೇ ಮುಗಿಸಲು ಹೋಗಬೇಡಿ, ಟಿಪ್ಪಣಿ ಇಡಿ ಸಾಕು. ಆಗುವುದಿಲ್ಲ ಅಂದವರ ಮೇಲ್‌ಗಳನ್ನೂ ಅಳಿಸಬೇಡಿ. ಎರಡನೇ ಸಲ ನಾನು ಅವನ್ನು ಅನುಬಂಧದಲ್ಲಿ ಸೇರಿಸಿದ್ದೆ, ಪರೀಕ್ಷಕರು ಜಾಸ್ತಿ ಪ್ರಶ್ನೆ ಕೇಳಿದ್ದು ಅದರ ಮೇಲೆಯೇ.

ನಾಲ್ವರು ಆಗಲೇ ಒಪ್ಪಿದ್ದಾರೆ ಅಂದಿರಲ್ವಾ? ಇವತ್ತೇ ಆ ನಾಲ್ವರಿಗೂ ಬರೆದು ಮೇಲೆ ಹೇಳಿದ ಮೂರು ಪ್ರಶ್ನೆ ಕೇಳಿ. ಯಾರಾದರೂ ‘ಅದು ಈಗ ನನ್ನ ಹತ್ತಿರ ಇಲ್ಲ’ ಅಂದರೂ ನಿಮಗಿನ್ನೂ ನಾಲ್ಕು ತಿಂಗಳಿದೆ.