ತೋಟದ ತೇವಾಂಶ ಸೆನ್ಸರ್‌ಗಳು ಗಂಟೆಗಟ್ಟಲೆ ಮೌನವಾಗುವ ಬಗ್ಗೆ
ಸೋಮವಾರಪೇಟೆಯ ನಿಮ್ಮ ಕಾಫಿ ತೋಟದ ನಾಲ್ಕು ಸೆನ್ಸರ್‌ಗಳಲ್ಲಿ ಎರಡು ಗಂಟೆಗಟ್ಟಲೆ ಮೌನವಾಗಲು, ನಾಲ್ಕೂ 10 ನಿಮಿಷಕ್ಕೊಮ್ಮೆಯೇ ಪ್ರಸಾರ ಮಾಡುತ್ತಿರುವುದು ಬಹುಶಃ ಕಾರಣ: ಕಳುಹಿಸಲಷ್ಟೇ ಬಲ್ಲ, ಉತ್ತರ ಕೇಳಿಸಿಕೊಳ್ಳಲಾಗದ ಇಂಥ ಸಾಧನಗಳ ಸಂದೇಶಗಳು ಒಮ್ಮೆ ಏಕಕಾಲಕ್ಕೆ ಹೊರಟು ಡಿಕ್ಕಿಯಾದರೆ, ಅಂದರೆ ಒಂದನ್ನೊಂದು ಕೆಡಿಸಿದರೆ, ಅವುಗಳ ಗಡಿಯಾರಗಳು ತಾವಾಗಿ ಸರಿದು ದೂರವಾಗುವವರೆಗೆ ಪ್ರತಿ ಸುತ್ತಿನಲ್ಲೂ ಡಿಕ್ಕಿಯಾಗುತ್ತವೆ. ಮೊದಲು ಅವಧಿಗಳನ್ನು 5, 7, 11 ಮತ್ತು 13 ನಿಮಿಷಗಳಿಗೆ ಬದಲಿಸಿ. ಬಳಿಕ ಪ್ರತಿ ಸಂದೇಶದಲ್ಲೂ ಕೊನೆಯ ನಾಲ್ಕು ಅಳತೆಗಳನ್ನು ಕಳುಹಿಸಿ. ಅವಧಿಗಳು ಬೇರೆ ಬೇರೆ ಅವಿಭಾಜ್ಯ ಸಂಖ್ಯೆಗಳಾದ್ದರಿಂದ, ಒಂದು ಸೆನ್ಸರಿನ ಸತತ ನಾಲ್ಕು ಪ್ರಸಾರಗಳಲ್ಲಿ ಉಳಿದ ಮೂರೂ ಹೆಚ್ಚೆಂದರೆ ಒಂದೊಂದನ್ನು ಕೆಡಿಸಬಲ್ಲವು. ಒಂದಾದರೂ ಡಿಕ್ಕಿಯಿಲ್ಲದೆ ಉಳಿಯುತ್ತದೆ, ಅತಿ ನಿಧಾನದ ಸೆನ್ಸರಿಗೂ 39 ನಿಮಿಷದೊಳಗೆ. ಸಂದೇಶ ಒಂದು ಸೆಕೆಂಡಿಗಿಂತ ಚಿಕ್ಕದಿದ್ದರೆ ಗಡಿಯಾರಗಳನ್ನು ಹೊಂದಿಸುವ ತಾಪತ್ರಯವೂ ಇಲ್ಲ. ಸಿಲ್ವರ್ ಓಕ್ ಮರಗಳ ನಡುವೆ ಸಿಗ್ನಲ್ಲೇ ಕುಗ್ಗುತ್ತಿರಲೂಬಹುದು. ಒಂದೇ ಸೆನ್ಸರನ್ನು ಚಾಲನೆಯಲ್ಲಿಟ್ಟಾಗಲೂ ಸಂದೇಶ ತಪ್ಪಿದರೆ ಆಂಟೆನಾವನ್ನು ಎತ್ತರಿಸಿ.