ಮುಂಬೈ ಫೋರ್ಟ್‌ನ ಹಳೆಯ ಕಟ್ಟಡಗಳನ್ನು ದುಡ್ಡಿಲ್ಲದೆ ನೋಡಲು ಬೇಕಾದದ್ದು ಉಚಿತ ಪ್ರವೇಶದ ಪಟ್ಟಿಯಲ್ಲ

ಎರಡು ದಿನದ ಮಟ್ಟಿಗೆ ಮುಂಬೈಗೆ ಹೋಗುತ್ತಿದ್ದೇನೆ, ಹಿಂದೆ ಕೋಟೆಯಿದ್ದ ಫೋರ್ಟ್ ಪ್ರದೇಶದ ಹೆಸರಾಂತ ಕಟ್ಟಡಗಳಲ್ಲಿ ಯಾವುದಕ್ಕೆಲ್ಲ ಉಚಿತ ಪ್ರವೇಶವಿದೆ, ಹಣ ಕೊಟ್ಟು ಮಾರ್ಗದರ್ಶಕರ ಜೊತೆ ಸುತ್ತುವುದು ಅಗತ್ಯವೇ ಎಂದು ಕೇಳಿದ್ದೀರಿ. ತೊಂಬತ್ತರ ದಶಕದ ಆರಂಭದಲ್ಲಿ ಇಂಥದೇ ಒಂದು ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ನಾನು ಕುಂದಾಪುರದಿಂದ ಮುಂಬೈ ಬಸ್ಸು ಹತ್ತಿದ್ದೆ.

ಆಗ ನಾನು ಸಿವಿಲ್ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದೆ. ಕಲ್ಲಿನ ಕಟ್ಟಡಗಳ ಬಗ್ಗೆ ಚಿತ್ರಸಹಿತ ವರದಿಯೊಂದನ್ನು ಸಲ್ಲಿಸಬೇಕಿತ್ತು. ಊರಿನ ಸ್ಟುಡಿಯೋದವರು ಒಂದು ಕ್ಯಾಮೆರಾವನ್ನೂ 36 ಚಿತ್ರಗಳ ಒಂದು ರೀಲನ್ನೂ ಕೊಟ್ಟು, ರೀಲು ತೊಳೆಸಿ ಪ್ರಿಂಟು ಹಾಕಿಸುವ ಖರ್ಚು ನನ್ನದೇ ಎಂದು ಮೊದಲೇ ಹೇಳಿದ್ದರು. ಫೋರ್ಟ್‌ನ ಉಡುಪಿ ಹೋಟೆಲೊಂದರ ಗಲ್ಲೆಯಲ್ಲಿ ಕೂರುತ್ತಿದ್ದ ನನ್ನ ಸೋದರಮಾವ ಬೊರಿವಲಿಯಲ್ಲಿ ವಾಸವಾಗಿದ್ದರು. ಬೆಳಿಗ್ಗೆ ಅವರ ಜೊತೆಯಲ್ಲೇ ಲೋಕಲ್ ಹತ್ತಿ ಚರ್ಚ್‌ಗೇಟಿನಲ್ಲಿ ಇಳಿದೆ. ಓವಲ್ ಮೈದಾನವನ್ನು ದಾಟುವಾಗ ಮಾವ ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು, "ಬೆಳಿಗ್ಗೆ ಈ ಕಡೆಯಿಂದ ಹೋಗುವಾಗ ಬಿಸಿಲು ಸೀದಾ ಕಣ್ಣಿಗೇ ಹೊಡೆಯುತ್ತದೆ ಮಾರಾಯ" ಎಂದರು. ಆ ಒಂದು ಮಾತಿನಲ್ಲಿ ನನಗೆ ಬೇಕಾದದ್ದೆಲ್ಲ ಇತ್ತು. ಆದರೆ ನಾನು ಅದನ್ನು ಕೇವಲ ಬಿಸಿಲಿನ ದೂರು ಎಂದುಕೊಂಡು, ಅವರನ್ನು ಹೋಟೆಲಿಗೆ ಕಳಿಸಿ, ಮೈದಾನದಲ್ಲೇ ನಿಂತು ರೀಲಿನ ಹೆಚ್ಚಿನ ಭಾಗವನ್ನು ಅಲ್ಲಿಯೇ ಮುಗಿಸಿದೆ.

ಆ ತಪ್ಪನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇಂದಿಗೂ ಅನೇಕರು ಅದನ್ನೇ ಮಾಡುತ್ತಿದ್ದಾರೆ. ಓವಲ್ ಮೈದಾನದ ಪೂರ್ವದ ಅಂಚಿನಲ್ಲಿ ಹಳೆಯ ಸಚಿವಾಲಯ, ವಿಶ್ವವಿದ್ಯಾಲಯದ ಸಭಾಭವನ, ರಾಜಾಬಾಯಿ ಗೋಪುರ ಮತ್ತು ಹೈಕೋರ್ಟ್ ಸಾಲಾಗಿ ನಿಂತಿವೆ. ಇವೆಲ್ಲವುಗಳ ಮುಖ ಪಶ್ಚಿಮಕ್ಕಿದೆ. 1860ರ ದಶಕದಲ್ಲಿ ಗವರ್ನರ್ ಬಾರ್ಟ್ಲ್ ಫ್ರೆರ್ ಕೋಟೆಯ ಗೋಡೆಗಳನ್ನು ಕೆಡವಿಸಿದ ಮೇಲೆ ಇವು ಎದ್ದವು. ಆಗ ಮೈದಾನದ ಆಚೆಗೆ ರೈಲು ಹಳಿಯೂ ಅದರಾಚೆಗೆ ಬ್ಯಾಕ್ ಬೇ ಕಡಲೂ ಇದ್ದವು. ಕಟ್ಟಡಗಳು ಕಡಲಿಗೂ ಅದರ ಗಾಳಿಗೂ ಮುಖ ಮಾಡಿದವು. ಹಾಗಾಗಿ ಬೆಳಿಗ್ಗೆ ಸೂರ್ಯ ಅವುಗಳ ಬೆನ್ನಿಗಿರುತ್ತಾನೆ. ಕಮಾನುಗಳ ಆಳ, ಕಂಬದ ಬೋದಿಗೆಯ ಎಲೆ, ಕಲ್ಲಿನ ಬಣ್ಣ ಯಾವುದೂ ಕಾಣುವುದಿಲ್ಲ. ಮಸಿ ಬಳಿದ ಹಲಗೆಯನ್ನು ಆಕಾಶಕ್ಕೆ ಒರಗಿಸಿಟ್ಟ ಹಾಗೆ ಹೊರಗೆರೆ ಮಾತ್ರ ಕಾಣುತ್ತದೆ. ಮಧ್ಯಾಹ್ನದ ನಂತರ ಬಿಸಿಲು ಈ ಕಡೆಗೆ ತಿರುಗಿ, ಮೂರೂವರೆಯ ಹೊತ್ತಿಗೆ ಹೈಕೋರ್ಟಿನ ಕಪ್ಪು ಬಸಾಲ್ಟ್ ಕಲ್ಲಿಗೂ ಗೋಪುರದ ಮಾಸಲು ಹಳದಿಯ ಕುರ್ಲಾ ಕಲ್ಲಿಗೂ ಇರುವ ವ್ಯತ್ಯಾಸವು ಬರಿಗಣ್ಣಿಗೇ ಗೊತ್ತಾಗುವಂತೆ ಮಾಡುತ್ತದೆ.

ಆ ಮೂರೂವರೆಯ ಹೊತ್ತಿನಲ್ಲಿ ನಾನು ಮೈದಾನದಲ್ಲಿ ಇರಲಿಲ್ಲವೆಂಬುದೇ ತಪ್ಪಿನ ಇನ್ನರ್ಧ. ಪಟ್ಟಿಯಲ್ಲಿದ್ದ ಬಾಗಿಲುಗಳನ್ನು ಒಂದೊಂದಾಗಿ ತಟ್ಟುತ್ತ, ಒಂದು ಕಡೆ ಕಾವಲುಗಾರನಿಂದ ಬೈಸಿಕೊಂಡು, ಇನ್ನೊಂದು ಕಚೇರಿಯಲ್ಲಿ ಕಾಲೇಜಿನ ಪತ್ರ ತೋರಿಸಿ, ಅನುಮತಿ ಕೊಡುವ ಅಧಿಕಾರಿಗಾಗಿ ಬೆಂಚಿನ ಮೇಲೆ ಕಾಯುತ್ತ ಕುಳಿತಿದ್ದೆ. ಒಳಗೆ ಬಿಟ್ಟರೆ ಮಾತ್ರ ಕಟ್ಟಡವನ್ನು ನೋಡಿದಂತೆ ಎಂಬ ಭ್ರಮೆ ನನ್ನದು. ಅಧಿಕಾರಿ ಬರಲಿಲ್ಲ, ಬಿಸಿಲು ಹೋಯಿತು. ಊರಿಗೆ ಮರಳಿ ರೀಲು ತೊಳೆಸಿದಾಗ ಬಿಳಿ ಆಕಾಶವೂ ಕಪ್ಪು ಗೋಪುರಗಳೂ ಬಂದವು. ಉಪನ್ಯಾಸಕರು ಒಂದು ಪ್ರಿಂಟನ್ನು ಎತ್ತಿ ಹಿಡಿದು "ಇದು ಕಲ್ಲೋ ಕಾಂಕ್ರೀಟೋ?" ಎಂದು ಕೇಳಿದರು. ಕಲ್ಲಿನ ಕಟ್ಟಡಗಳ ವರದಿಯಲ್ಲಿ ಅದಕ್ಕಿಂತ ಕೆಟ್ಟ ಪ್ರಶ್ನೆ ಇರಲಾರದು. ಪ್ರವೇಶಕ್ಕೆಂದು ಒಂದು ಪೈಸೆಯನ್ನೂ ಖರ್ಚು ಮಾಡದೆ ಬಂದವನು, ಪ್ರಿಂಟಿನ ದುಡ್ಡನ್ನು ಸ್ಟುಡಿಯೋಗೆ ಕಂತಿನಲ್ಲಿ ತೀರಿಸಿದೆ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಫೋರ್ಟ್‌ನಲ್ಲಿ ಉಚಿತ ಪ್ರವೇಶವನ್ನು ಹುಡುಕಬೇಡಿ. ಅಲ್ಲಿನ ಬಹುಪಾಲು ಕಟ್ಟಡಗಳು ಇಂದಿಗೂ ಕೆಲಸ ಮಾಡುತ್ತಿರುವ ಕಚೇರಿ, ನ್ಯಾಯಾಲಯ, ಗ್ರಂಥಾಲಯ, ನಿಲ್ದಾಣಗಳು; ಒಳಗಿರುವವರಿಗೆ ನಮ್ಮ ಕುತೂಹಲದಿಂದ ತೊಂದರೆಯೇ ಹೆಚ್ಚು. ಕಟ್ಟಿದವರು ಹಣ ಸುರಿದದ್ದು ರಸ್ತೆಗೂ ಮೈದಾನಕ್ಕೂ ಕಾಣುವ ಮುಖದ ಮೇಲೆ. ಹತ್ತಿ ವ್ಯಾಪಾರಿ ಪ್ರೇಮ್‌ಚಂದ್ ರಾಯ್‌ಚಂದ್ ತಾಯಿಯ ಹೆಸರಿಡಬೇಕೆಂದು ಹಣ ಕೊಟ್ಟ, 1878ರಲ್ಲಿ ಮುಗಿದ, ಸುಮಾರು 85 ಮೀಟರ್ ಎತ್ತರದ ರಾಜಾಬಾಯಿ ಗೋಪುರವನ್ನು ಬುಡದಲ್ಲಿ ನಿಂತು ನೋಡಿದರೆ ಕತ್ತು ನೋಯುತ್ತದೆಯೇ ಹೊರತು ಗೋಪುರ ಕಾಣುವುದಿಲ್ಲ. ಅದರ ನಕ್ಷೆ ಬರೆದ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಮುಂಬೈಗೆ ಒಮ್ಮೆಯೂ ಬರದೆ ಲಂಡನ್ನಿನಿಂದಲೇ ಕೆಲಸ ಮುಗಿಸಿದ; ಅಲ್ಲಿಗೆ ಹೋದ ನಾವು ಮೈದಾನದ ನಡುವಿನವರೆಗೆ ಹಿಂದೆ ಸರಿಯುವಷ್ಟು ಶ್ರಮವನ್ನಾದರೂ ಪಡಬೇಕು.

ಬೆಳಗಿನ ಹೊತ್ತು ವ್ಯರ್ಥವೆಂದು ತಿಳಿಯಬೇಡಿ. ಅದೇ ಮೈದಾನದಲ್ಲಿ ಬೆನ್ನು ತಿರುಗಿಸಿ ಪಶ್ಚಿಮಕ್ಕೆ ನೋಡಿದರೆ ಸಾಕು. ಕಡಲನ್ನು ತುಂಬಿ ಪಡೆದ ನೆಲದ ಮೇಲೆ 1930ರ ದಶಕದಲ್ಲಿ ಎದ್ದ ಆರ್ಟ್ ಡೆಕೊ ಮನೆಗಳ ಸಾಲಿನ ಮುಖ ಪೂರ್ವಕ್ಕಿದ್ದು, ಎಂಟು ಗಂಟೆಯ ಬಿಸಿಲು ನೇರವಾಗಿ ಅವುಗಳ ಮೇಲೆ ಬೀಳುತ್ತದೆ. ಇವನ್ನು ಬಾಡಿಗೆ ಮನೆಗಳೆಂದು ತಿಳಿದು ನಾನು ಆ ದಿನ ತಿರುಗಿಯೂ ನೋಡಿರಲಿಲ್ಲ. ಈಗ ನನ್ನನ್ನು ಕೇಳಿದರೆ ಇವೇ ಹೆಚ್ಚು ಇಷ್ಟ. ದುಂಡಗೆ ತಿರುಗುವ ಬಾಲ್ಕನಿಗಳು, ಕಿಟಕಿಯ ಮೇಲೆ ಹುಬ್ಬಿನಂತೆ ಓಡುವ ಛಜ್ಜಾಗಳು, ರಜ್ಜಬ್ ಮಹಲ್, ಎಂಪ್ರೆಸ್ ಕೋರ್ಟ್ ಎಂದು ಮುಂಗೋಡೆಯಲ್ಲೇ ಮೂಡಿಸಿದ ಹೆಸರುಗಳು, ಇವೆಲ್ಲವೂ ಕಾಂಕ್ರೀಟಿನಿಂದ ಸಾಧ್ಯವಾದವು. ಸಾಲಿನ ಉತ್ತರದ ತುದಿಗೆ, ಚರ್ಚ್‌ಗೇಟ್ ನಿಲ್ದಾಣದ ಎದುರಿಗೆ, 1938ರಲ್ಲಿ ತೆರೆದ ಇರೋಸ್ ಚಿತ್ರಮಂದಿರವಿದೆ. ಚೂಪು ಕಮಾನುಗಳ ಗಾಥಿಕ್ ಶೈಲಿಯ ಕಲ್ಲಿನ ಸಾಲಿಗೂ ಈ ಸಾಲಿಗೂ ನಡುವೆ ಸುಮಾರು ಅರುವತ್ತು ವರ್ಷಗಳ ಅಂತರ, ಒಂದು ಕ್ರಿಕೆಟ್ ಮೈದಾನದಷ್ಟು ದೂರ. ಎರಡನ್ನೂ ಒಟ್ಟಿಗೆ ಸೇರಿಸಿ 2018ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ತೆಗೆದುಕೊಂಡಿತು. ಅದರಲ್ಲಿ 94 ಕಟ್ಟಡಗಳಿವೆ.

ನಡುಹಗಲಿನಲ್ಲಿ ದಾದಾಭಾಯಿ ನವರೋಜಿ ರಸ್ತೆಯಲ್ಲಿ ಫ್ಲೋರಾ ಫೌಂಟನ್‌ನಿಂದ ಉತ್ತರಕ್ಕೆ ನಡೆಯಿರಿ. ಅಲ್ಲಿನ ಹಳೆಯ ಕಟ್ಟಡಗಳು ನೆಲಮಟ್ಟದಲ್ಲಿ ಕಮಾನುಗಳ ಕೆಳಗೆ ನಡೆಯುವವರಿಗೆ ದಾರಿ ಬಿಟ್ಟಿವೆ, ಹಾಗಾಗಿ ನೆರಳಿನಲ್ಲೇ ಹೋಗಬಹುದು. ದಾರಿಯ ತುದಿಗೆ ಸಿಗುವ ಛತ್ರಪತಿ ಶಿವಾಜಿ ಮಹಾರಾಜ್ ರೈಲು ನಿಲ್ದಾಣದಲ್ಲಿ ಮಾತ್ರ ನನ್ನ ನಿಯಮಕ್ಕೆ ವಿನಾಯಿತಿಯಿದೆ. ಸ್ಟಾರ್ ಚೇಂಬರ್ ಎಂಬ ಹಳೆಯ ಟಿಕೆಟ್ ಸಭಾಂಗಣಕ್ಕೆ ಲೋಕಲ್ ಟಿಕೆಟ್ ಕೊಳ್ಳುವ ಯಾರು ಬೇಕಾದರೂ ಹೋಗಬಹುದು. ಸರದಿಯಲ್ಲಿ ನಿಂತು ಟಿಕೆಟ್ ಕೊಳ್ಳಿ, ನಿಂತಲ್ಲಿಂದಲೇ ತಲೆಯೆತ್ತಿ ನೋಡಿ. ಹೊರಗಿನಿಂದ ನೋಡುವುದಕ್ಕೆ ಇಲ್ಲಿಯೂ ಮಧ್ಯಾಹ್ನದ ನಂತರವೇ ಸರಿ: ರಸ್ತೆ ದಾಟಿ ಮಹಾನಗರ ಪಾಲಿಕೆಯ ಕಟ್ಟಡದ ಕಡೆ ನಿಲ್ಲಬೇಕು. 1888ರಲ್ಲಿ ಮುಗಿದ ನಿಲ್ದಾಣವೂ 1893ರ ಪಾಲಿಕೆಯ ಕಟ್ಟಡವೂ ಒಬ್ಬನೇ ಎಫ್. ಡಬ್ಲ್ಯೂ. ಸ್ಟೀವನ್ಸ್‌ನ ವಿನ್ಯಾಸ. ಅಲ್ಲಿಂದ ಹಾರ್ನಿಮನ್ ವೃತ್ತಕ್ಕೆ ಬಂದು 1833ರ ಟೌನ್ ಹಾಲಿನ ದಪ್ಪ ಕಂಬಗಳನ್ನೂ ಅಗಲವಾದ ಮೆಟ್ಟಿಲುಗಳನ್ನೂ ನೋಡಿಕೊಂಡು, ಬಿಸಿಲು ಇಳಿಯುವ ಮುನ್ನ ಓವಲ್‌ಗೆ ಮರಳಿ ಪೂರ್ವಕ್ಕೆ ಮುಖ ಮಾಡಿ ನಿಲ್ಲಿ.

ಗೇಟ್‌ವೇ ಆಫ್ ಇಂಡಿಯಾ ಉಚಿತವೆಂಬ ಒಂದೇ ಕಾರಣಕ್ಕೆ ಅಲ್ಲಿ ಅರ್ಧ ದಿನವನ್ನು ಕಳೆಯಬೇಡಿ. ಜನಸಂದಣಿಯಲ್ಲಿ ಕಮಾನಿಗಿಂತ ಸೆಲ್ಫಿ ಕೋಲುಗಳೇ ಹೆಚ್ಚು ಕಾಣುತ್ತವೆ. ಮಳೆಗಾಲದಲ್ಲಿ ಹೋಗುತ್ತೀರಾದರೆ ನಾನು ಹೇಳಿದ ಹೊತ್ತುಗಳ ಲೆಕ್ಕವೆಲ್ಲ ಮೋಡಕ್ಕೆ ಬಿಟ್ಟದ್ದು. ಆದರೆ ಒದ್ದೆಯಾದ ಬಸಾಲ್ಟ್ ನೋಡುವಂತಿರುತ್ತದೆ.

ಹಣ ಕೊಟ್ಟು ಸುತ್ತುವ ವಿಚಾರಕ್ಕೆ ಬಂದರೆ, ಮೊದಲ ಸಲಕ್ಕೆ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಬೆಳಿಗ್ಗೆ ತಂಪಿನಲ್ಲಿ ಹೊರಡುವ ಗುಂಪಾದರೆ ಹೈಕೋರ್ಟಿನ ಎದುರು ನೀವು ನನ್ನ ರೀಲಿನ ಚಿತ್ರಗಳನ್ನೇ ನೋಡುತ್ತೀರಿ, ಅದೂ ದುಡ್ಡು ಕೊಟ್ಟು. ಅದರ ಬದಲು ಯಾರಿಂದಲಾದರೂ ಒಂದು ಬೈನಾಕ್ಯುಲರ್ ಎರವಲು ತೆಗೆದುಕೊಂಡು ಹೋಗಿ. ನಿಲ್ದಾಣದ ಗುಮ್ಮಟದ ತುದಿಯಲ್ಲಿ ಒಂದು ಕೈಯಲ್ಲಿ ಪಂಜು, ಇನ್ನೊಂದರಲ್ಲಿ ಚಕ್ರ ಹಿಡಿದ ಹೆಂಗಸಿನ ಪ್ರತಿಮೆಯಿದೆ. ಆ ಚಕ್ರ ರಸ್ತೆಯಿಂದ ಬರಿಗಣ್ಣಿಗೆ ಸರಿಯಾಗಿ ಕಾಣುವುದಿಲ್ಲ.